ಏಳು ಗಂಟೆಗೆ ಏಳು

ಕನ್ನಡ ಬರೆದ ಹಾಗೆ ಓದುವ ಭಾಷೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಬಹುಮಟ್ಟಿಗೆ ಅದು ನಿಜ ಕೂಡ. ಹಾಗಾಗಿ ಕೇಳಲು ಒಂದೇ ಥರ ಇದ್ದು ಅರ್ಥ ಬೇರೆಯಾಗುವ ಪದಗಳ ತಾಪತ್ರಯ ಏನಿದ್ದರೂ ಇಂಗ್ಲಿಷಿನದ್ದು ಅಂದುಕೊಂಡುಬಿಡುತ್ತೇವೆ. ಈಗಷ್ಟೇ ಓದಲು ಕಲಿಯುತ್ತಿರುವ ಮಗುವಿನ ಪಕ್ಕ ಸ್ವಲ್ಪ ಹೊತ್ತು ಕೂತರೆ ಗೊತ್ತಾಗುತ್ತದೆ, ಇದು ನಮ್ಮಲ್ಲೂ ಬೇಕಾದಷ್ಟಿದೆ. ನಾವು ಗಮನಿಸದೆ ದಾಟಿಹೋಗುವ ಪದದ ಮುಂದೆ ಮಗು ನಿಂತುಬಿಡುತ್ತದೆ.

ಏಳು ಗಂಟೆಗೆ ಏಳು. ಹತ್ತು ಮೆಟ್ಟಿಲು ಹತ್ತು. ಆರು ದೀಪಗಳಲ್ಲಿ ಒಂದು ಆರಿತು. ನಮಗೆ ಇವು ಬರೀ ವಾಕ್ಯಗಳು. ಆರು ವರ್ಷದ ಮಗುವಿಗೆ ಒಂದೊಂದೂ ಒಗಟು.

ಚಿಕ್ಕ ಮಕ್ಕಳಿಗೆ ಓದು ಬರಹ ಕಲಿಸುವುದು ನನ್ನ ಕೆಲಸ. ಒಂದು ಹುಡುಗಿ ‘ಮಂಗ ಮರ ಹತ್ತಿ ಕೂತಿತು’ ಎಂಬ ವಾಕ್ಯವನ್ನು ಒಂದೂ ತಪ್ಪಿಲ್ಲದೆ ಓದಿದಳು. ಒತ್ತಕ್ಷರ ಸರಿ, ದೀರ್ಘ ಸರಿ, ಎಲ್ಲ ಸರಿ. ಓದಿದ್ದಕ್ಕೆ ಚಿತ್ರ ಬರಿ ಎಂದೆ. ಮಂಗ ಬಂತು, ಮರ ಬಂತು. ಕೊಂಬೆಯ ಮೇಲೆ ಬೆಳ್ಳಗೆ, ದುಂಡಗೆ ಏನೋ ಉಂಡೆ ಉಂಡೆಯಾಗಿ ಬಂತು. ಇದೇನು ಅಂತ ಕೇಳಿದರೆ, ‘ಹತ್ತಿ’ ಎಂದಳು. ಅವಳಿಗೆ ಗೊತ್ತಿದ್ದ ಹತ್ತಿ ಅದೊಂದೇ. ಹತ್ತಿ ಎಂಬ ಅಕ್ಷರಗಳು ಕಂಡ ತಕ್ಷಣ ಅವಳ ತಲೆಯಲ್ಲಿ ಬಿಳಿ ಹತ್ತಿ ಮೂಡಿತು, ವಾಕ್ಯದ ಉಳಿದ ಭಾಗವನ್ನು ಅದಕ್ಕೆ ಹೇಗೋ ಹೊಂದಿಸಿಕೊಂಡಳು. ಚಿತ್ರ ಬರೆಸದೇ ಇದ್ದಿದ್ದರೆ ಯಾರಿಗೂ ಇದು ತಿಳಿಯುತ್ತಿರಲಿಲ್ಲ. ಚೆನ್ನಾಗಿ ಓದುತ್ತಾಳೆ ಅಂತ ಎಲ್ಲರೂ ಮುಂದಿನ ಪುಟಕ್ಕೆ ಹೋಗುತ್ತಿದ್ದರು.

ಚಿಕ್ಕ ಮಕ್ಕಳು ಒಂದು ಪದಕ್ಕೆ ಒಂದೇ ಅರ್ಥ ಎಂದು ಹಟ ಹಿಡಿಯುತ್ತಾರೆ. ಇದು ದಡ್ಡತನವಲ್ಲ. ಹೊಸ ಹೊಸ ಪದಗಳನ್ನು ರಾಶಿ ರಾಶಿಯಾಗಿ ಕಲಿಯುವ ವಯಸ್ಸಿನಲ್ಲಿ ಅದು ಅವರಿಗೆ ಒಳ್ಳೆಯ ಆಸರೆ. ನನಗೆ ಗೊತ್ತಿರುವ ಪದ, ಹಾಗಾಗಿ ನನಗೆ ಗೊತ್ತಿರುವ ಅರ್ಥ. ಎರಡನೆಯ ಅರ್ಥ ಬಂದು ಬಾಗಿಲು ಬಡಿದಾಗ ಅವರು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಕಾಲು ಗಂಟೆ ಎಂದರೆ ಗಂಟೆಗೆ ಕಾಲಿದೆಯಾ ಅಂತ ಕೇಳುವ ಮಗು ತಮಾಷೆ ಮಾಡುತ್ತಿಲ್ಲ, ನಿಜವಾಗಿ ಯೋಚಿಸುತ್ತಿದೆ.

ಅದಕ್ಕೇ ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಇಂಥ ಪದವನ್ನು ಒಂಟಿಯಾಗಿ ಕೈಗೆ ಕೊಡಬಾರದು. ಯಾವಾಗಲೂ ವಾಕ್ಯದ ಜೊತೆಗೇ ಕೊಡಬೇಕು. ಕಪ್ಪು ಹಲಗೆಯ ಮೇಲೆ ‘ಹತ್ತು’ ಅಂತ ಬರೆದು, ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಅರ್ಥಗಳ ಪಟ್ಟಿ ಹಾಕುವ ರೂಢಿ ಇದೆಯಲ್ಲ, ಅದರಿಂದ ಈ ವಯಸ್ಸಿನ ಮಕ್ಕಳಿಗೆ ಉಪಯೋಗಕ್ಕಿಂತ ಗೊಂದಲವೇ ಜಾಸ್ತಿ. ನಾನಾರ್ಥಗಳು ಅಂತ ಪಟ್ಟಿ ಬಾಯಿಪಾಠ ಮಾಡುವುದು ಮುಂದೆ ಪರೀಕ್ಷೆಗೆ ಬೇಕಾಗಬಹುದು. ಎರಡು ಅರ್ಥಗಳಲ್ಲಿ ಒಂದೂ ಗಟ್ಟಿಯಾಗಿ ಕೂರದ ಮಗುವಿನ ಮುಂದೆ ಎರಡನ್ನೂ ಒಟ್ಟಿಗೆ ಇಟ್ಟರೆ, ಅವು ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ಬಿಡಿಸುವುದು ಕಷ್ಟ. ಮೊದಲು ಒಂದು ಅರ್ಥ ಚೆನ್ನಾಗಿ ಊರಲಿ. ಕೆಲವು ವಾರ ಬಿಟ್ಟು ಇನ್ನೊಂದು ಬರಲಿ, ಅದೂ ಒಂದು ಕಥೆಯೊಳಗೆ ಬರಲಿ. ಎರಡೂ ಬಂದ ಮೇಲೆ ಪಕ್ಕ ಪಕ್ಕ ಇಟ್ಟು ಆಡಿಸಬಹುದು.

ಆಡಿಸುವುದಕ್ಕೆ ಕನ್ನಡದಲ್ಲಿ ಒಂದು ಅನುಕೂಲವಿದೆ. ನಮ್ಮ ಪದಗಳಿಗೆ ಬಾಲ ಹತ್ತುತ್ತದೆ. ಆ ಬಾಲ ನೋಡಿದರೆ ಪದ ಯಾವ ಜಾತಿಯದ್ದು ಅಂತ ತಿಳಿದುಬಿಡುತ್ತದೆ. ನಾನು ಮಕ್ಕಳಿಗೆ ‘ನಿನ್ನೆ’ ಆಟ ಆಡಿಸುತ್ತೇನೆ. ಇದನ್ನು ನಿನ್ನೆ ಮಾಡಿದೆ ಅಂತ ಹೇಳಲು ಬರುತ್ತದಾ? ಮರ ಹತ್ತು, ನಿನ್ನೆ ಮರ ಹತ್ತಿದೆ. ಬೇಗ ಏಳು, ನಿನ್ನೆ ಬೇಗ ಎದ್ದೆ. ಸೊಳ್ಳೆ ಕಾಡುತ್ತದೆ, ನಿನ್ನೆಯೂ ಕಾಡಿತು. ಇನ್ನು ಹತ್ತು ಎಂಬ ಲೆಕ್ಕವನ್ನು ನಿನ್ನೆಯ ಜೊತೆ ಸೇರಿಸಿ ನೋಡಲಿ. ‘ನಿನ್ನೆ ಹತ್ತಿದೆ ಪೆನ್ಸಿಲ್’ ಅಂತ ಹೇಳಿ ಮಕ್ಕಳು ತಾವೇ ನಗುತ್ತಾರೆ. ಬರುವುದಿಲ್ಲ. ಅದಕ್ಕೆ ಬರುವ ಬಾಲವೇ ಬೇರೆ, ಹತ್ತನೆಯ ಪೆನ್ಸಿಲ್, ಹತ್ತರಲ್ಲಿ ಒಂದು. ಕಾಡು ಎಂಬ ಜಾಗಕ್ಕೆ ‘ಅಲ್ಲಿ’ ಹತ್ತುತ್ತದೆ, ಕಾಡಿನಲ್ಲಿ ಹುಲಿ ಇದೆ. ಊರಿಗೂ ಹಾಗೇ, ಊರಿನಲ್ಲಿ. ಕೋಲು ಊರುವವರು ಮಾತ್ರ ನಿನ್ನೆ ಊರಿದರು. ನಾಮಪದ, ಕ್ರಿಯಾಪದ ಎಂಬ ಹೆಸರುಗಳನ್ನು ಎಲ್ಲೂ ಎತ್ತಬೇಕಾಗಿಲ್ಲ. ಮಕ್ಕಳ ಬಾಯಲ್ಲಿ ವ್ಯಾಕರಣ ಆಗಲೇ ಇದೆ. ಅವರು ಮಾತಾಡುವಾಗ ಈ ಬಾಲಗಳನ್ನು ತಪ್ಪುವುದೇ ಇಲ್ಲ. ಓದುವಾಗ ಅದನ್ನು ನೆನಪಿಗೆ ತಂದುಕೊಟ್ಟರೆ ಸಾಕು.

ಈ ಆಟ ಎಲ್ಲ ಕಡೆ ನಡೆಯುವುದಿಲ್ಲ. ಹೆಸರೂ ಕೆಲಸವೂ ಒಂದೇ ಥರ ಕೇಳಿಸಿದಾಗ ಚೆನ್ನಾಗಿ ನಡೆಯುತ್ತದೆ. ಎರಡೂ ಕೆಲಸಗಳೇ ಆದಾಗ ಕೈಕೊಡುತ್ತದೆ. ‘ಹಸುವನ್ನು ಕರೆ’ ಎಂದರೆ ಕೂಗಿ ಕರೆಯಬೇಕೋ ಹಾಲು ಕರೆಯಬೇಕೋ? ನಿನ್ನೆ ಎಂದು ಸೇರಿಸಿದರೂ ಎರಡೂ ‘ಕರೆದೆ’ಯೇ. ಮಳೆಯಲ್ಲಿ ನೆನೆದರೂ ನೆನೆದೆ, ಯಾರನ್ನೋ ನೆನೆದರೂ ನೆನೆದೆ. ಎರಡೂ ವಸ್ತುಗಳೇ ಆದಾಗಲೂ ಇದೇ ಕಥೆ. ‘ಅಜ್ಜಿ ಮುತ್ತು ಕೊಟ್ಟಳು’ ಎಂದರೆ ಕೆನ್ನೆಗೋ, ಕೈಗೋ? ಇಲ್ಲೆಲ್ಲ ಪದವನ್ನು ಎಷ್ಟು ತಿರುಗಿಸಿ ನೋಡಿದರೂ ಉತ್ತರ ಸಿಗದು. ಅಕ್ಕಪಕ್ಕದ ವಾಕ್ಯವನ್ನೇ ಕೇಳಬೇಕು. ಅಜ್ಜಿ ಕೊಟ್ಟ ಮುತ್ತನ್ನು ಮಗು ದಾರದಲ್ಲಿ ಪೋಣಿಸಿತು ಅಂತ ಮುಂದಿನ ಸಾಲು ಬಂದರೆ ಅಲ್ಲಿಗೆ ಮುಗಿಯಿತು. ಇಂಥ ಅರೆಬರೆ ವಾಕ್ಯಗಳನ್ನು ಮಕ್ಕಳ ಮುಂದಿಟ್ಟು, ಮುಂದಿನ ಸಾಲು ನೀವೇ ಹೇಳಿ ಎನ್ನುವುದು ನನಗೆ ತುಂಬಾ ಇಷ್ಟದ ಪಾಠ. ಒಬ್ಬ ಮುತ್ತನ್ನು ಡಬ್ಬಿಯಲ್ಲಿ ಇಡುತ್ತಾನೆ, ಇನ್ನೊಬ್ಬ ಕೆನ್ನೆ ಒರೆಸಿಕೊಳ್ಳುತ್ತಾನೆ. ಇಬ್ಬರದ್ದೂ ಸರಿ. ಒಂದೇ ಪ್ರಶ್ನೆಗೆ ಎರಡು ಸರಿ ಉತ್ತರ ಇರಬಹುದು ಅನ್ನುವುದು ಮಕ್ಕಳಿಗೆ ಎಷ್ಟು ಖುಷಿ ಕೊಡುತ್ತದೆ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಕರೆ ಎಂಬ ಪದದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಹಳಗನ್ನಡದಲ್ಲಿ ಈ ಗೊಂದಲ ಇರಲೇ ಇಲ್ಲ. ಆಗ ನಮ್ಮಲ್ಲಿ ಇನ್ನೊಂದು ರ ಇತ್ತು, ಱ ಅಂತ. ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಅದೇ ಥರ ೞ ಎಂಬ ಇನ್ನೊಂದು ಅಕ್ಷರವಿತ್ತು. ಬದುಕುವುದು ಬಾೞ್, ಕತ್ತಿ ಬಾಳ್. ಕೇಳುವವರಿಗೂ ಬೇರೆ, ನೋಡುವವರಿಗೂ ಬೇರೆ. ಕಾಲ ಕಳೆದಂತೆ ಆ ಎರಡು ದನಿಗಳು ಬಾಯಿಂದ ಮರೆಯಾದವು, ಹಿಂದೆಯೇ ಅಕ್ಷರಗಳೂ ಹೋದವು. 13ನೆಯ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣ ಪುಸ್ತಕ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರಗಳು ಯಾವ ಯಾವ ಪದಗಳಲ್ಲಿ ಬರುತ್ತವೆ ಎಂದು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಆ ಪಟ್ಟಿ ನೆನಪಾದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು, ಕೇಳಿದ್ದನ್ನು ಹೇಗೆ ಬರೆಯಬೇಕು ಎಂದು ಪಟ್ಟಿ ಹಿಡಿದು ಕೂರುವುದು ನಮ್ಮ ಕಾಲದ ಕಷ್ಟ ಮಾತ್ರ ಅಲ್ಲ.

ಇದರ ಉಲ್ಟಾ ಕೂಡ ನಡೆದಿದೆ. ಕುಡಿಯುವ ಹಾಲು, ಹಂಚಿಕೊಳ್ಳುವ ಪಾಲು, ಹಳಗನ್ನಡದಲ್ಲಿ ಎರಡೂ ಪಾಲ್. ಮುಂದೆ ಪಕಾರ ಹಕಾರವಾಗುವ ಕಾಲ ಬಂತು. ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು, ಪಾಲು ಹಾಲಾಯಿತು. ಹಂಚಿಕೊಳ್ಳುವ ಪಾಲು ಮಾತ್ರ ಪಾಲಾಗಿಯೇ ಉಳಿಯಿತು. ಒಂದಾಗಿದ್ದ ಎರಡು ಪದಗಳನ್ನು ಮಾತೇ ಬೇರೆ ಮಾಡಿಬಿಟ್ಟಿತು.

ಇದನ್ನೆಲ್ಲ ಆರು ವರ್ಷದವರಿಗೆ ಹೇಳಲು ಹೋಗಬೇಡಿ. ಎಂಟು, ಒಂಬತ್ತು ವರ್ಷದವರಿಗೆ ಹೇಳಿ, ಕಣ್ಣರಳಿಸಿ ಕೇಳುತ್ತಾರೆ. ಇನ್ನೂ ಒಂದು ವಿಷಯ ಅವರಿಗೆ ಹಿಡಿಸುತ್ತದೆ. ಒಂದೇ ಥರ ಕೇಳಿಸುವ ಪದಗಳಲ್ಲಿ ಕೆಲವು ನಿಜವಾಗಿ ನೆಂಟರು. ಕಾಲು ಗಂಟೆಯ ಕಾಲು ಮತ್ತು ನಮ್ಮ ಕಾಲು ಹಾಗೆ. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು ಎಂದರೆ ನಾಲ್ಕರಲ್ಲಿ ಒಂದು. ಸಂಸ್ಕೃತದ ಪಾದಕ್ಕೂ ಕಾಲು, ಕಾಲುಭಾಗ ಎಂಬ ಎರಡೂ ಅರ್ಥಗಳಿವೆ. ತಿಂಗಳು ಎಂದರೆ ಚಂದ್ರ, ಚಂದ್ರ ಒಂದು ಸುತ್ತು ಮುಗಿಸುವ ಕಾಲವೂ ತಿಂಗಳು. ಇಂಥವನ್ನು ಎರಡು ಪದ ಎಂದು ಕಲಿಸುವ ಬದಲು ಒಂದೇ ಕಥೆಯಾಗಿ ಹೇಳಿದರೆ ಮಗು ಮರೆಯುವುದಿಲ್ಲ. ಲೆಕ್ಕದ ಹತ್ತಕ್ಕೂ ಮರ ಹತ್ತುವುದಕ್ಕೂ ಅಂಥ ನೆಂಟಸ್ತಿಕೆ ಇಲ್ಲ, ಅಲ್ಲಿ ಸುಮ್ನೆ ಕಥೆ ಕಟ್ಟಬಾರದು.

ಇಲ್ಲಿಯವರೆಗೆ ಹೇಳಿದ್ದು ಓದುವಾಗಿನ ಕಷ್ಟ. ಬರೆಯುವಾಗಿನ ಕಷ್ಟ ಬೇರೆಯೇ. ಬರಹದಲ್ಲಿ ಎರಡು ಅಕ್ಷರ ಇದ್ದು, ಮನೆಯ ಮಾತಿನಲ್ಲಿ ಅವೆರಡೂ ಒಂದೇ ಆಗಿರುವಾಗ ಮಗು ಏನು ಮಾಡಬೇಕು?

ಹಕಾರವನ್ನೇ ನೋಡಿ. ಎಷ್ಟೋ ಮನೆಗಳಲ್ಲಿ ಹಾಲು ಆಲು, ಹಕ್ಕಿ ಅಕ್ಕಿ, ಹೇಳು ಏಳು. ಆ ಮನೆಯ ಮಗುವಿಗೆ ‘ಏಳು’ ಎಂದರೆ ಲೆಕ್ಕ, ಎದ್ದೇಳುವುದು, ಮಾತಾಡುವುದು, ಮೂರೂ. ಶಾಲೆಗೆ ಬಂದು ‘ಅಕ್ಕಿ ಆರಿತು’ ಎಂದು ಬರೆದರೆ ತರಗತಿಯೇ ನಗುತ್ತದೆ. ಈ ನಗು ನನಗೆ ಸಹಿಸುವುದಿಲ್ಲ. ಮಗು ತನ್ನ ತಾಯಿಯ ಬಾಯಲ್ಲಿ ಕೇಳಿದ್ದನ್ನು ಚಾಚೂ ತಪ್ಪದೆ ಬರೆದಿದೆ. ಬರೆದ ಹಾಗೆ ಓದಬೇಕು, ಓದಿದ ಹಾಗೆ ಬರೆಯಬೇಕು ಎಂದು ನಾವೇ ಹೇಳಿಕೊಟ್ಟಿದ್ದೆವಲ್ಲ. ಪಾಲು ಹಾಲಾದದ್ದನ್ನು ಈಗ ಯಾರೂ ತಪ್ಪು ಎನ್ನುವುದಿಲ್ಲ. ಹಾಲು ಆಲು ಆದದ್ದು ಅದೇ ದಾರಿಯ ಮುಂದಿನ ಹೆಜ್ಜೆ, ಅಷ್ಟೇ.

ಹಾಗಂತ ಬರಹದಲ್ಲಿ ಬಿಟ್ಟುಬಿಡಲು ಆಗುವುದಿಲ್ಲ. ಬರಹ ಎಲ್ಲ ಮನೆಗಳಿಗೂ ಸೇರಿದ್ದು, ಅಲ್ವಾ. ನಾನು ಮಾಡುವುದು ಇಷ್ಟು. ‘ನಿನ್ನ ಮಾತು ತಪ್ಪು’ ಎಂದು ಹೇಳುವುದಿಲ್ಲ. ‘ಮನೆಯಲ್ಲಿ ಹೀಗೆ ಹೇಳುತ್ತೀವಿ, ಪುಸ್ತಕದಲ್ಲಿ ಹೀಗೆ ಬರೆಯುತ್ತೀವಿ’ ಎನ್ನುತ್ತೇನೆ. ಹಕ್ಕಿಯ ಚಿತ್ರದ ಕೆಳಗೆ ಹಕ್ಕಿ, ಹಾರುವ ಚಿತ್ರದ ಕೆಳಗೆ ಹಾರು. ಹ ಇರುವ ಪದಗಳು ಮಗುವಿನ ಕಣ್ಣಿಗೆ ಪದೇ ಪದೇ ಬೀಳಬೇಕು, ಕಿವಿಯ ಮೇಲೆ ಭಾರ ಹಾಕಬಾರದು. ತಿದ್ದುವಾಗ ಹೆದರಿಸಿದರೆ ಆಗುವುದೇ ಬೇರೆ. ಹೆದರಿದ ಮಗು ಎಲ್ಲ ಕಡೆ ಹ ಸೇರಿಸಲು ಶುರು ಮಾಡುತ್ತದೆ. ಆನೆ ಹಾನೆಯಾಗುತ್ತದೆ, ಇಲ್ಲಿ ಹಿಲ್ಲಿಯಾಗುತ್ತದೆ. ಮೊದಲಿನ ತಪ್ಪಿಗೆ ಮನೆಯ ಮಾತಿನ ಕಾರಣವಾದರೂ ಇತ್ತು. ಈ ತಪ್ಪಿಗೆ ಕಾರಣ ಬರೀ ಭಯ.

ಮಹಾಪ್ರಾಣದ ಕಥೆಯೂ ಇದೇ. ದನ, ಧನ. ಬಾರಿ, ಭಾರಿ. ಮಾತಿನ ವೇಗದಲ್ಲಿ ಬಹಳ ಜನ ಇವನ್ನು ಬೇರೆ ಮಾಡುವುದಿಲ್ಲ. ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ಬಡಿದರೆ ಮಹಾಪ್ರಾಣ ಎಂದು ತೋರಿಸುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ‘ಈ ಬಾರಿ ಭಾರಿ ಮಳೆ’ ಎಂದು ಅಂಗೈಗೆ ಹೇಳಿಕೊಂಡು ನಗುವ ಮಕ್ಕಳನ್ನು ನೋಡಲು ಚೆಂದ. ಇನ್ನೊಂದು ಸುಳಿವು ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮನೆಮಾತಿನ ಹಳೆಯ ಪದಗಳಲ್ಲಿ ಮಹಾಪ್ರಾಣ ಸಾಮಾನ್ಯವಾಗಿ ಬರುವುದಿಲ್ಲ. ತಲೆ, ಕಣ್ಣು, ಕಿವಿ, ಮೂಗು, ಬಾಯಿ, ಕೈ, ಬೆರಳು, ಕಾಲು. ಇವುಗಳಲ್ಲಿ ಎಷ್ಟು ಹುಡುಕಿದರೂ ಒಂದು ಸಿಗದು. ಬಾಗಿಲು, ದಾರಿ, ಗಿಡ, ಬಟ್ಟೆ, ಎಲ್ಲೂ ಇಲ್ಲ. ದಾರಿಯನ್ನು ಧಾರಿ ಮಾಡುವ, ಒಂಬತ್ತನ್ನು ಒಂಭತ್ತು ಮಾಡುವ ಅಭ್ಯಾಸ ದೊಡ್ಡವರಿಗೂ ಇದೆ. ದಿನಾ ಬಾಯಲ್ಲಿ ಆಡುವ ಸಣ್ಣ ಪದವಾದರೆ ಮೊದಲು ಅಲ್ಪಪ್ರಾಣ ಎಂದುಕೋ, ಅನುಮಾನ ಬಂದರೆ ನೋಡು. ಇಷ್ಟು ಹೇಳಿಕೊಟ್ಟರೆ ಮಕ್ಕಳ ಅರ್ಧಕ್ಕರ್ಧ ಗಾಬರಿ ಇಳಿಯುತ್ತದೆ.

ಶ ಮತ್ತು ಷ ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ಇಲ್ಲಿ ಮನೆ ಮನೆಗೆ ವ್ಯತ್ಯಾಸವೇ ಇಲ್ಲ, ಕಲಿಸುವವರಿಗೂ ಇವೆರಡು ಒಂದೇ ದನಿ. ನಾವು ಸಾಮಾನ್ಯವಾಗಿ ‘ಈ ಶ, ಆ ಷ’ ಎನ್ನುತ್ತೇವೆ, ಇಲ್ಲವೇ ಆಕಾರದ ಮೇಲೆ ಹೆಸರಿಟ್ಟು ಹೇಳುತ್ತೇವೆ. ಕಿವಿಯಿಂದ ಕಲಿಯುವ ದಾರಿ ಇಲ್ಲಿ ಮುಚ್ಚಿದೆ. ವಿಷ, ಭಾಷೆ, ದೇಶ, ಆಕಾಶ, ಇವನ್ನು ಕಣ್ಣೇ ನೆನಪಿಟ್ಟುಕೊಳ್ಳಬೇಕು. ಆದರೆ ಒತ್ತಕ್ಷರಗಳಲ್ಲಿ ನಾಲಿಗೆ ಸಹಾಯಕ್ಕೆ ಬರುತ್ತದೆ. ಇಷ್ಟ, ಕಷ್ಟ, ಉಷ್ಣ, ಗೋಷ್ಠಿ. ಟ, ಠ, ಣ ಹೇಳುವಾಗ ನಾಲಿಗೆ ಮೇಲಕ್ಕೆ ಮಡಚುತ್ತದೆ, ಅದರ ಜೊತೆ ಬರುವುದು ಷ. ಪಶ್ಚಿಮ, ಆಶ್ಚರ್ಯ, ನಿಶ್ಚಯ. ಚ ಇರುವ ಕಡೆ ಶ. ಪುಸ್ತಕ, ಹಸ್ತ, ರಸ್ತೆ. ತ ಹೇಳುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ, ಅಲ್ಲಿ ಸ. ನಿಧಾನವಾಗಿ ಹೇಳಿಕೊಂಡು ತಮ್ಮ ನಾಲಿಗೆ ಎಲ್ಲಿ ಹೋಯಿತು ಎಂದು ಹುಡುಕುವ ಕೆಲಸ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಪೋಸ್ಟ್, ಸ್ಟೇಷನ್ ಥರದ ಹೊರಗಿನ ಪದಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನು ಅವರೇ ಬೇಗ ಕಂಡುಹಿಡಿಯುತ್ತಾರೆ.

ಇಂಗ್ಲಿಷಿಗೆ ಬಂದಾಗ ನಮ್ಮ ಮಕ್ಕಳು ತಬ್ಬಿಬ್ಬಾಗುವುದು ಸಹಜ. ಕೇಳಿದ್ದನ್ನು ಬರೆದು ಅಭ್ಯಾಸವಾದ ಮಗುವಿಗೆ ಬರೆಯುವ ರೈಟ್, ಬಲಗಡೆಯ ರೈಟ್ ಎರಡರ ಸ್ಪೆಲ್ಲಿಂಗೂ ಬೇರೆ ಎನ್ನುವುದು ಅನ್ಯಾಯದ ಹಾಗೆ ಕಾಣುತ್ತದೆ. ಆದರೆ ಅಲ್ಲೂ ಹುಡುಕಿದರೆ ಹಿಡಿತ ಸಿಗುತ್ತದೆ. ಎರಡು ಎಂಬ ಟೂ ಪದದ ನಡುವೆ ಮಾತೇ ಆಡದೆ ಕೂತಿರುವ ಡಬ್ಲ್ಯೂ, ಟ್ವೆಲ್ವ್, ಟ್ವೆಂಟಿ, ಟ್ವಿನ್ ಪದಗಳಲ್ಲಿ ಬಾಯಿಬಿಡುತ್ತದೆ. ಎಲ್ಲದರಲ್ಲೂ ಎರಡರ ಲೆಕ್ಕವೇ. ಕೇಳು ಎನ್ನುವ ಹಿಯರ್ ಪದದೊಳಗೆ ಕಿವಿ ಎನ್ನುವ ಇಯರ್ ಪೂರ್ತಿಯಾಗಿ ಇದೆ. ಇಲ್ಲಿ ಎನ್ನುವ ಹಿಯರ್ ಪದದ ನಾಲ್ಕು ಅಕ್ಷರಗಳು ಅಲ್ಲಿ ಎನ್ನುವ ದೇರ್, ಎಲ್ಲಿ ಎನ್ನುವ ವೇರ್ ಎರಡರಲ್ಲೂ ಹಾಗೇ ಕೂತಿವೆ. ಇದನ್ನು ಕನ್ನಡದ ಮಗುವಿಗೆ ತೋರಿಸುವುದು ಇನ್ನೂ ಸುಲಭ, ಇಲ್ಲಿ, ಅಲ್ಲಿ, ಎಲ್ಲಿ ಮೂರರಲ್ಲೂ ‘ಲ್ಲಿ’ ಇದೆಯಲ್ಲ! ‘ಅವರ’ ಎನ್ನುವ ಇನ್ನೊಂದು ದೇರ್ ಪದದಲ್ಲಿ ಆ ನಾಲ್ಕು ಅಕ್ಷರ ಇಲ್ಲ, ಹಾಗಾಗಿ ಅದು ಜಾಗದ ಪದವಲ್ಲ. ಇಲ್ಲಿಯೂ ಎರಡನ್ನೂ ಒಂದೇ ದಿನ ಕಲಿಸಬಾರದು. ಜಾಗದ ದೇರ್ ಮೊದಲು ಊರಲಿ.

ಕೊನೆಗೆ ಉಕ್ತಲೇಖನ. ಎಲ್ಲ ಕಷ್ಟವೂ ಬಂದು ಸೇರುವುದು ಅಲ್ಲೇ. ಬಿಡಿ ಬಿಡಿ ಪದಗಳನ್ನು ಕೊಡುತ್ತೇವೆ, ಮಗುವಿಗೆ ಸಹಾಯ ಆಗಲಿ ಎಂದು ‘ಭ್ಹಾರ’ ಎಂದು ಉಸಿರು ಕಟ್ಟಿ ಒತ್ತಿ ಹೇಳುತ್ತೇವೆ. ಮಗು ನಮ್ಮ ಬಾಯಿ ನೋಡಿ ಬರೆಯುತ್ತದೆ, ಹತ್ತಕ್ಕೆ ಹತ್ತು ಬರುತ್ತದೆ. ಮಾರನೆಯ ದಿನ ಸ್ವಂತ ವಾಕ್ಯ ಬರೆಯುವಾಗ ಅದೇ ಪದ ತಪ್ಪುತ್ತದೆ, ಯಾಕೆಂದರೆ ಒತ್ತಿ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ನಾನು ಈಗ ಪದ ಕೊಡುವುದನ್ನೇ ನಿಲ್ಲಿಸಿದ್ದೇನೆ. ವಾಕ್ಯ ಕೊಡುತ್ತೇನೆ, ಅದೂ ದಿನಾ ಮಾತಾಡುವ ಹಾಗೆ. ‘ದನ ಹುಲ್ಲು ಮೇಯುತ್ತಿದೆ.’ ‘ರಾಜನ ಬಳಿ ತುಂಬಾ ಧನವಿತ್ತು.’ ಎರಡನ್ನೂ ಒಂದೇ ಥರ ಹೇಳುತ್ತೇನೆ. ಯಾವ ದ ಎಂದು ಕೇಳಿದರೆ, ‘ಯಾವುದರ ಬಗ್ಗೆ ಹೇಳುತ್ತಿದ್ದೇನೆ, ಯೋಚಿಸು’ ಎನ್ನುತ್ತೇನೆ. ಮೊದಮೊದಲು ಅಂಕ ಇಳಿಯುತ್ತದೆ. ತಂದೆ ತಾಯಿಯರು ಬಂದು ಕೇಳುತ್ತಾರೆ, ಮೊದಲು ಚೆನ್ನಾಗಿ ಬರೆಯುತ್ತಿತ್ತಲ್ಲ ಅಂತ. ಅವರಿಗೆ ಮಗುವಿನ ಪುಸ್ತಕ ತೆರೆದು, ಹೊಡೆದು ಹಾಕಿದ ಜಾಗಗಳನ್ನು ತೋರಿಸುತ್ತೇನೆ. ‘ದನ’ ಎಂದು ಬರೆದು, ನಿಂತು, ಯೋಚಿಸಿ, ತಾನೇ ಹೊಡೆದು ‘ಧನ’ ಮಾಡಿದ ಜಾಗ. ಅದು ನನ್ನ ಬಾಯಿ ನೋಡಿ ಬರೆದದ್ದಲ್ಲ. ಆ ಗೀಟು ಎಳೆಯುವ ಮೊದಲು ಮಗು ವಾಕ್ಯವನ್ನು ಇನ್ನೊಮ್ಮೆ ಓದಿರಲೇಬೇಕು.